ಸ್ವೀಡನ್ನಿನ ಊಟದ ಮೇಜಿಗೆ ಸರ್ಕಾರ ಬಂದು ಕೂತಿದ್ದು ಹೇಗೆ?

ಆಗಸ್ಟ್ ತಿಂಗಳಲ್ಲಿ ಸ್ವೀಡನ್ನಿಗೆ ಹೋದವರು ಕ್ರೇಫಿಶ್ ಊಟವನ್ನು ತಪ್ಪಿಸಿಕೊಳ್ಳಬಾರದು. ನೋಡಲು ಸೀಗಡಿಯ ಅಣ್ಣನ ಹಾಗಿರುವ, ಗಟ್ಟಿ ಚಿಪ್ಪಿನ ಸಿಹಿನೀರಿನ ಜೀವಿ ಇದು. ಹೂಬಿಟ್ಟ ಸಬ್ಬಸಿಗೆ ಹಾಕಿ ಉಪ್ಪುನೀರಿನಲ್ಲಿ ಬೇಯಿಸುತ್ತಾರೆ. ಅದೇ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಲು ಬಿಟ್ಟು ಮರುದಿನ ತಣ್ಣಗೆ ಬಡಿಸುತ್ತಾರೆ. ಚಿಪ್ಪನ್ನು ಕೈಯಲ್ಲೇ ಮುರಿದು, ಒಳಗಿನ ರಸವನ್ನು ಸೊರ್ ಅಂತ ಹೀರಬೇಕು. ಅದನ್ನು ಯಾರೂ ಅಸಭ್ಯ ಅನ್ನುವುದಿಲ್ಲ. ತಲೆಯ ಮೇಲೆ ಚಂದ್ರನ ಮುಖ ಬರೆದ ಕಾಗದದ ದೀಪಗಳು, ಪಕ್ಕದಲ್ಲಿ ಬ್ರೆಡ್ಡು, ಚೀಸು. ಜೊತೆಗೆ ಪುಟ್ಟ ಗ್ಲಾಸಿನಲ್ಲಿ ಸ್ನ್ಯಾಪ್ಸ್, ಅಂದರೆ ಮಸಾಲೆಯ ಘಮ ಇರುವ ಖಡಕ್ ಮದ್ಯ. ಒಂದು ಹಾಡು, ಒಂದು ಗುಟುಕು, ಮತ್ತೆ ಕ್ರೇಫಿಶ್.

ಆದರೆ ಆ ಬಾಟಲಿ ದಿನಸಿ ಅಂಗಡಿಯಲ್ಲಿ ಸಿಗುವುದಿಲ್ಲ. ಅಲ್ಲಿರುವುದು ಶೇ 3.5ರವರೆಗಿನ ಬಿಯರ್ ಮಾತ್ರ. ಅದಕ್ಕಿಂತ ಜಾಸ್ತಿ ಬೇಕೆಂದರೆ ಸಿಸ್ಟೆಮ್‌ಬೊಲಾಗೆಟ್ ಎಂಬ ಸರ್ಕಾರಿ ಅಂಗಡಿಗೇ ಹೋಗಬೇಕು. 20 ವರ್ಷ ತುಂಬಿರಬೇಕು. ಶನಿವಾರ ಮಧ್ಯಾಹ್ನ 3ರ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ಸೋಮವಾರವೇ. ಇಷ್ಟು ಮುಕ್ತವಾದ ದೇಶದಲ್ಲಿ ಯಾಕೆ ಇಷ್ಟು ಬಿಗಿ ಅಂತ ಹೊಸಬರಿಗೆ ಅನ್ನಿಸುವುದು ಸಹಜ. ಉತ್ತರಕ್ಕೆ ಇನ್ನೂರೈವತ್ತು ವರ್ಷ ಹಿಂದೆ ಹೋಗಬೇಕು.

ಆಗ ಮದ್ಯ ಮನೆಮನೆಯಲ್ಲೂ ತಯಾರಾಗುತ್ತಿತ್ತು. ಮೊದಲು ಧಾನ್ಯದಿಂದ, ಆಮೇಲೆ ಆಲೂಗಡ್ಡೆಯಿಂದ. ಆಲೂಗಡ್ಡೆಯಿಂದಲೂ ಮದ್ಯ ತೆಗೆಯಬಹುದೆಂದು 1740ರ ದಶಕದಲ್ಲಿ ತೋರಿಸಿಕೊಟ್ಟವರಲ್ಲಿ ಎವಾ ಎಕೆಬ್ಲಾಡ್ ಒಬ್ಬಳು. 1748ರಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವಳೇ. ದೊರೆ ಮೂರನೇ ಗುಸ್ತಾವ್ 1775ರಲ್ಲಿ ಬಟ್ಟಿ ಇಳಿಸುವ ಹಕ್ಕನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಕುಡಿತ ಕಮ್ಮಿ ಮಾಡಲು ಅಲ್ಲ, ಬೊಕ್ಕಸ ತುಂಬಿಸಲು. ರೈತರು ಸಿಟ್ಟಿಗೆದ್ದರು, ಯೋಜನೆ ಬಿದ್ದುಹೋಯಿತು. ಮನೆಯಲ್ಲಿ ಮದ್ಯ ತಯಾರಿಸುವುದು ನಿಂತಿದ್ದು 19ನೇ ಶತಮಾನದ ನಡುವೆ, ಕುಡಿತ ಬಿಡಿಸುವ ಚಳವಳಿಗಳು ಬಲವಾದ ಮೇಲೆ.

ಮುಖ್ಯ ತಿರುವು ಬಂದಿದ್ದು 1865ರಲ್ಲಿ, ಗೋಥೆನ್‌ಬರ್ಗ್ ಊರಿನಲ್ಲಿ. ಅಲ್ಲಿ ಮದ್ಯದ ಮಾರಾಟವನ್ನು ಒಂದೇ ಕಂಪನಿಗೆ ಕೊಟ್ಟರು. ಕಂಪನಿ ಮಿತಿ ಮೀರಿ ಲಾಭ ಇಟ್ಟುಕೊಳ್ಳುವಂತಿರಲಿಲ್ಲ, ಉಳಿದ ಹಣ ಊರಿನ ಕೆಲಸಕ್ಕೆ ಹೋಗಬೇಕಿತ್ತು. ಇನ್ನೊಬ್ಬರ ಕುಡಿತದಿಂದ ಯಾರೂ ಸ್ವಂತಕ್ಕೆ ದುಡ್ಡು ಮಾಡಬಾರದು ಎಂಬ ಈ ತತ್ವ ನನಗೆ ಇವತ್ತಿಗೂ ಸರಿಯೆನಿಸುತ್ತದೆ.

ಅದರ ಮುಂದಿನ ಹೆಜ್ಜೆಯ ಬಗ್ಗೆ ಹಾಗೆ ಹೇಳಲಾರೆ. ಇವಾನ್ ಬ್ರಾಟ್ ಎಂಬ ವೈದ್ಯರ ಯೋಜನೆಯಂತೆ 1914ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮದ್ಯಕ್ಕೂ ರೇಷನ್ ಪುಸ್ತಕ ಬಂತು. ಅದರ ಹೆಸರು ಮೋಟ್‌ಬೂಕ್. ಕೆಲವೇ ವರ್ಷಗಳಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಕೊಂಡದ್ದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಯಾರಿಗೆ ಎಷ್ಟು ಎನ್ನುವುದನ್ನು ನಿರ್ಧರಿಸುತ್ತಿದ್ದದ್ದು ಅವರ ಸ್ಥಾನಮಾನ, ಆದಾಯ, ನಡತೆ. ಮದುವೆಯಾದ ಹೆಂಗಸಿಗೆ ಸಾಮಾನ್ಯವಾಗಿ ಪುಸ್ತಕವೇ ಇಲ್ಲ, ಗಂಡನದ್ದೇ ಸಾಕು ಎಂಬ ಲೆಕ್ಕ. ಬಡವರನ್ನೂ ಹೆಂಗಸರನ್ನೂ ಅಧಿಕಾರಿಗಳ ಮುಂದೆ ಕೈಕಟ್ಟಿ ನಿಲ್ಲಿಸಿದ ವ್ಯವಸ್ಥೆ ಅದು. ಹೋಟೆಲಿನಲ್ಲಂತೂ ಊಟ ಹೇಳದೆ ಸ್ನ್ಯಾಪ್ಸ್ ಕೊಡುತ್ತಿರಲಿಲ್ಲ. ಹಾಗಾಗಿ ಜನ ಸುಮ್ನೆ ಒಂದು ಸ್ಯಾಂಡ್‌ವಿಚ್ ತರಿಸಿ ಮುಟ್ಟದೆ ಬಿಡುತ್ತಿದ್ದರು. ಅದೇ ಸ್ಯಾಂಡ್‌ವಿಚ್ ಮುಂದಿನ ಗಿರಾಕಿಯ ಮೇಜಿಗೆ ಹೋಗುತ್ತಿತ್ತು ಅಂತ ಅಲ್ಲಿನವರು ಈಗಲೂ ಹೇಳುತ್ತಾರೆ.

ಪೂರ್ತಿ ಪಾನನಿಷೇಧ ಬೇಕೇ ಎಂದು 1922ರ ಆಗಸ್ಟ್ 27ರಂದು ಜನಮತ ಕೇಳಿದರು. ಹೇಳಿ ಕೇಳಿ ಕ್ರೇಫಿಶ್ ಕಾಲ. ನಿಷೇಧ ಬೇಡ ಅನ್ನುವವರ ಪರವಾಗಿ ಚಿತ್ರಕಾರ ಆಲ್ಬರ್ಟ್ ಎಂಗ್‌ಸ್ಟ್ರಮ್ ಒಂದು ಪೋಸ್ಟರ್ ಬರೆದರು. ಕ್ರೇಫಿಶ್ ಇದ್ದರೆ ಈ ಪಾನೀಯ ಬೇಕೇ ಬೇಕು, ಇಲ್ಲ ಅಂತ ಮತ ಹಾಕದಿದ್ದರೆ ಕ್ರೇಫಿಶ್ ಊಟವನ್ನೇ ಬಿಡಬೇಕಾಗುತ್ತದೆ ಎಂಬುದು ಅದರ ಸಾರ. ಊಟದ ಮೇಲಿನ ಆಸೆಯನ್ನೇ ರಾಜಕೀಯದ ಮಾತಾಗಿ ಮಾಡಿದ ಆ ಪೋಸ್ಟರನ್ನು ಸ್ವೀಡನ್ನಿನ ಜನ ಇನ್ನೂ ಮರೆತಿಲ್ಲ. ಗಂಡಸರ ಮತವನ್ನೂ ಹೆಂಗಸರ ಮತವನ್ನೂ ಬೇರೆ ಬೇರೆ ಎಣಿಸಿದ್ದರು. ಹೆಂಗಸರಲ್ಲಿ ಹೆಚ್ಚಿನವರು ನಿಷೇಧ ಬೇಕೆಂದರು, ಗಂಡಸರಲ್ಲಿ ಹೆಚ್ಚಿನವರು ಬೇಡವೆಂದರು. ಕೊನೆಗೆ ಸುಮಾರು ಶೇ 51 ಮತಗಳಿಂದ ‘ಬೇಡ’ ಗೆದ್ದಿತು. ಕುಡಿತದ ಪೆಟ್ಟು ಮನೆಯಲ್ಲಿ ಯಾರ ಮೇಲೆ ಬೀಳುತ್ತಿತ್ತು ಅಂತ ಆ ಎರಡು ಎಣಿಕೆಗಳೇ ಹೇಳುತ್ತವೆ, ಅಲ್ವಾ?

ರೇಷನ್ ಪುಸ್ತಕ 1955ರ ಅಕ್ಟೋಬರ್ 1ರಂದು ರದ್ದಾಯಿತು. ಊರೂರಿನ ಮದ್ಯದ ಕಂಪನಿಗಳೆಲ್ಲ ಸೇರಿ ಇಂದಿನ ಸಿಸ್ಟೆಮ್‌ಬೊಲಾಗೆಟ್ ಆದವು. ಕುಡಿತ ತಕ್ಷಣ ಏರಿತು, ಸರ್ಕಾರ ತೆರಿಗೆ ಏರಿಸಿತು. 1995ರಲ್ಲಿ ಸ್ವೀಡನ್ ಯುರೋಪಿಯನ್ ಒಕ್ಕೂಟ ಸೇರಿದಾಗ ಈ ಏಕಸ್ವಾಮ್ಯ ಉಳಿಯುವುದೇ ಅನುಮಾನವಾಗಿತ್ತು. ಬೇಕೆಂದೇ ತನ್ನ ಅಂಗಡಿಯಲ್ಲಿ ವೈನ್ ಮಾರಿದ ದಿನಸಿ ವ್ಯಾಪಾರಿಯೊಬ್ಬರ ಮೊಕದ್ದಮೆ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. ಯಾವ ದೇಶದ ಸರಕಿಗೂ ಭೇದ ಮಾಡದಿದ್ದರೆ ಇಂಥ ಸರ್ಕಾರಿ ಅಂಗಡಿ ಇರಬಹುದು ಎಂದು 1997ರಲ್ಲಿ ತೀರ್ಪು ಬಂತು.

ಗೋಡೆಯಲ್ಲಿ ಪುಟ್ಟ ಕಿಂಡಿ ಬಿದ್ದಿದ್ದು 2025ರ ಜೂನ್ 1ರಂದು. ಸಣ್ಣ ತಯಾರಕರು ತಮ್ಮ ತೋಟದಲ್ಲೇ ಪ್ರವಾಸಿಗರಿಗೆ ಬಾಟಲಿ ಮಾರಲು ಅನುಮತಿ ಸಿಕ್ಕಿತು. ಅದಕ್ಕೂ ಷರತ್ತಿದೆ. ಮೊದಲು ದುಡ್ಡು ಕೊಟ್ಟು ತೋಟ ನೋಡಬೇಕು, ಇಲ್ಲವೇ ತಯಾರಿಕೆಯ ಬಗ್ಗೆ ಉಪನ್ಯಾಸ ಕೇಳಬೇಕು. ಆಮೇಲೂ ಮಿತಿಯೊಳಗೇ ಕೊಳ್ಳಬೇಕು. ಇದರಿಂದ ಹಳ್ಳಿಗಳ ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ತೋಟದವರು ಹೇಳುತ್ತಾರೆ. ನಮ್ಮ ತೋಟಕ್ಕೊಂದು ನಿಯಮ, ಹೊರಗಿನ ಸರಕಿಗೊಂದು ನಿಯಮ ಮಾಡಿದರೆ 1997ರ ತೀರ್ಪಿನ ಆಸರೆಯೇ ಕುಸಿಯಬಹುದು ಎಂಬುದು ವಿರೋಧಿಗಳ ಭಯ.