ಬೆನ್ನ ಹಿಂದೆ ನಿಂತದ್ದು ಯಾರು?

ಶಿರಸಿಯ ನನ್ನ ಚಿಕಿತ್ಸಾಲಯದಲ್ಲಿ ಅವರು ಕುರ್ಚಿಯನ್ನು ಎಳೆದು, ಗೋಡೆಗೆ ಆನಿಸಿಕೊಂಡೇ ಕುಳಿತರು. ಐವತ್ತರ ಆಸುಪಾಸು, ಹಳೆಯ ಅಡಿಕೆ ಗೋದಾಮಿಗೆ ರಾತ್ರಿ ಕಾವಲು. ನಡುರಾತ್ರಿ ದಾಟಿದ ಮೇಲೆ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತದಂತೆ. "ಅದು ಏನೂ ಮಾಡುವುದಿಲ್ಲ ಡಾಕ್ಟರೇ, ಸುಮ್ಮನೆ ನಿಂತಿರುತ್ತದೆ. ಅದೇ ಭಯ." ಹೆಂಡತಿ ಚೌಡಿಗೆ ಕಾಯಿ ಒಡೆಸಿಯಾಗಿತ್ತು. ಮನೋವೈದ್ಯರ ಸರದಿ ಬರುವುದು ಯಾವಾಗಲೂ ಅದಾದ ಮೇಲೆಯೇ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಕುಡಿತ, ನಿದ್ದೆ, ಸಾಲ ಎಲ್ಲವನ್ನೂ ವಿಚಾರಿಸಿದೆ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಶೇ. 98 ತೋರಿಸಿತು. ಆತಂಕಕ್ಕೊಂದು ಮಾತ್ರೆ ಬರೆದೆ. ಕೇಳಬೇಕಿದ್ದ ಪ್ರಶ್ನೆ ಹೊಳೆದದ್ದು ಎರಡನೆಯ ಸಲ: ರಾತ್ರಿ ಚಳಿಗೆ ಏನು ಮಾಡುತ್ತೀರಿ?

ಆಷಾಢದ ಮಳೆ. ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿ, ಸಂದಿಗೆ ಗೋಣಿಚೀಲ ತುರುಕಿ, ಹಳೆಯ ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಳ್ಳುತ್ತಿದ್ದರು. "ಹೊಗೆ ಪೂರ್ತಿ ಅಡಗಿದ ಮೇಲೆಯೇ ಒಳಗೆ ತರುತ್ತೇನೆ" ಎಂಬ ಸಮಜಾಯಿಷಿ ಬೇರೆ. ಹೊಗೆ ಇದ್ದಿದ್ದರೆ ಕಣ್ಣುರಿದಾದರೂ ಕಿಟಕಿ ತೆರೆಯುತ್ತಿದ್ದರು. ಕೆಂಡದಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟು ಅದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಮಿದುಳಿಗೆ ಆಮ್ಲಜನಕ ಸಾಲದಾಗುತ್ತದೆ. ಮಾಮೂಲಿ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯದು. ಸಾಲದ್ದಕ್ಕೆ, ಹೊರಗಿನ ಗಾಳಿಗೆ ಬಂದ ನಾಲ್ಕೈದು ಗಂಟೆಗಳಲ್ಲಿ ರಕ್ತದೊಳಗಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಇವರು ನನ್ನ ಬಳಿ ಬರುವುದೇ ಮಧ್ಯಾಹ್ನಕ್ಕೆ. ಬೆಳಿಗ್ಗೆ ತಲೆನೋವು, ಊಟದ ಹೊತ್ತಿಗೆ ಮಾಯ, ರಜೆಯ ದಿನ ಏನೇನೂ ಇಲ್ಲ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ನೇತ್ರತಜ್ಞ ವಿಲಿಯಂ ವಿಲ್ಮರ್ 1921ರಲ್ಲೇ ಇಂಥದ್ದೊಂದು ಪ್ರಕರಣ ಪ್ರಕಟಿಸಿದ್ದರು. ಹಳೆಯ ಮನೆ, ಹೆಜ್ಜೆ ಸಪ್ಪಳ, ಕಾಣಿಸಿಕೊಳ್ಳುವ ಆಕೃತಿಗಳು. ಕಾರಣ ಮಾತ್ರ ಮನೆ ಬೆಚ್ಚಗಿಡುವ ಒಲೆ ಕೆಟ್ಟು ಉಗುಳುತ್ತಿದ್ದ ಇದೇ ಅನಿಲ.

ಹಾಗೆಂದು ಎಲ್ಲವನ್ನೂ ಕೆಂಡದ ತಲೆಗೆ ಕಟ್ಟಲಾಗದು. ಒಂಟಿತನ, ಅರೆನಿದ್ದೆ ಸೇರಿದರೆ ಶುದ್ಧ ಗಾಳಿಯಲ್ಲೂ ಹೀಗಾಗುತ್ತದೆ. 2014ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧಕರು ಆರೋಗ್ಯವಂತರ ಕಣ್ಣು ಕಟ್ಟಿ ಕೈಯಾಡಿಸಲು ಹೇಳಿದರು; ಅದೇ ಚಲನೆಯನ್ನು ರೋಬಾಟ್ ಅರ್ಧ ಸೆಕೆಂಡು ತಡವಾಗಿ ಅವರ ಬೆನ್ನಿಗೆ ಮುಟ್ಟಿಸಿತು. ಕೆಲವರಿಗೆ ಹಿಂದೆ ಯಾರೋ ನಿಂತಂತೆಯೇ ಆಯಿತು. ತನ್ನದೇ ದೇಹದ ಲೆಕ್ಕ ತಪ್ಪಿದರೆ ಮಿದುಳು ಇನ್ನೊಬ್ಬನನ್ನು ಕಲ್ಪಿಸಿಕೊಳ್ಳುತ್ತದೆ.

ಮಾತ್ರೆ ನಿಲ್ಲಿಸಿದೆ. ಕೆಂಡ ಹೊರಗೆ ಹೋಗಿ ಕಂಬಳಿ ಬಂತು. ಬೆನ್ನ ಹಿಂದಿನದು ವಾರದೊಳಗೆ ಹೋಯಿತು. ಅಟ್ಟದ ಮೇಲಿನ ಸಪ್ಪಳ ಉಳಿಯಿತು. ಹಂಚು ಸರಿಸಿ ನೋಡಿದಾಗ ಸಿಕ್ಕಿದ್ದು ಬೈನೆ ಬೀಜ ತುಂಬಿದ ಕಬ್ಬೆಕ್ಕಿನ ಹಿಕ್ಕೆ.