ಕಮಾನಿನ ಆಚೆಯ ಗೋಡೆ ಯಾರದು?

ಇಂಗ್ಲೆಂಡಿನಲ್ಲಿ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಪ್ರತಿ ಊರಚರ್ಚನ್ನೂ ಐದು ವರ್ಷಕ್ಕೊಮ್ಮೆ ತಜ್ಞರು ನೋಡಿ ವರದಿ ಕೊಡಬೇಕು. 1955ರಿಂದ ಈ ನಿಯಮವಿದೆ. ಹಳೇ ಕಟ್ಟಡಗಳನ್ನು ಕಾಪಾಡುವ ಕೆಲಸದಲ್ಲಿರುವ ನಾನು ಏಣಿ, ಟಾರ್ಚು, ದುರ್ಬೀನು ಹಿಡಿದು ಹೋದಾಗ ಊರಿನವರು ಮೊದಲು ಕರೆದುಕೊಂಡು ಹೋಗಿ ತೋರಿಸುವುದು ಹೆಚ್ಚಾಗಿ ಒಂದೇ ಜಾಗ. ಜನ ಕೂರುವ ಉದ್ದನೆಯ ಭಾಗಕ್ಕೆ ನೇವ್ ಎನ್ನುತ್ತಾರೆ. ಅದರ ಪೂರ್ವಕ್ಕೆ, ಪಾದ್ರಿ ಪೂಜೆ ನಡೆಸುವ ಭಾಗ ಚಾನ್ಸೆಲ್. ಇವೆರಡೂ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗೆ ಒಂದು ಸೀಳು. "ಗೋಡೆ ಬಿರುಕು ಬಿಟ್ಟಿದೆ, ಬೀಳುತ್ತಾ?" ಅಂತ ಆತಂಕದಿಂದ ಕೇಳುತ್ತಾರೆ.

ಎಷ್ಟೋ ಸಲ ಅದು ಬಿರುಕೇ ಅಲ್ಲ. ಆ ಎರಡು ಗೋಡೆ ಯಾವತ್ತೂ ಒಂದಾಗಿರಲೇ ಇಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪಾಯದ ಮೇಲೆ, ಬೇರೆಯವರ ದುಡ್ಡಿನಲ್ಲಿ ಎದ್ದವು. ನೂರಾರು ವರ್ಷ ಅಕ್ಕಪಕ್ಕ ನಿಂತಿವೆ, ಅಷ್ಟೆ.

ಈ 'ಬೇರೆಯವರ ದುಡ್ಡು' ಅನ್ನುವ ಮಾತು ಮುಖ್ಯ. ಕಮಾನು ಗುಂಡಗಿದ್ದರೆ ನಾರ್ಮನ್, ಕಿಟಕಿ ಚೂಪಾಗಿ ಸಣ್ಣಗಿದ್ದರೆ ಅರ್ಲಿ ಇಂಗ್ಲಿಷ್, ಕಲ್ಲಿನ ಜಾಲ ಬಳ್ಳಿಯಂತೆ ಹರಿದರೆ ಡೆಕೊರೇಟೆಡ್, ಗೆರೆಗಳು ನೇರ ಮೇಲಕ್ಕೆ ಏರಿದರೆ ಪರ್ಪೆಂಡಿಕ್ಯುಲರ್. ಕಟ್ಟಡ ಶೈಲಿಗಳನ್ನು ಹೀಗೆ ಒಂದಾದ ಮೇಲೊಂದು ಬಂದ ಕಾಲಗಳಾಗಿ ಬೇರ್ಪಡಿಸಿ, ವಾಸ್ತುಶಿಲ್ಪಿ ಥಾಮಸ್ ರಿಕ್ಮನ್ 1817ರಲ್ಲಿ ಕೊಟ್ಟ ಈ ವಿಂಗಡಣೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದೇ ಚರ್ಚಿನಲ್ಲಿ ಈ ನಾಲ್ಕೂ ಯಾಕೆ ಸಿಗುತ್ತವೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಯಾವ ಗೋಡೆಯ ಖರ್ಚು ಯಾರದು ಅಂತ ಕೇಳಬೇಕು.

13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೊಣೆ ಹಂಚಿಹೋಗಿತ್ತು. ನೇವ್ ಊರಿನವರದು. ಚಾನ್ಸೆಲ್ ರೆಕ್ಟರನದು, ಅಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಪಡೆಯುವವನದು. ಎಷ್ಟೋ ಊರುಗಳಲ್ಲಿ ರೆಕ್ಟರ್ ಅಂದರೆ ಒಬ್ಬ ಮನುಷ್ಯನಲ್ಲ, ದೂರದ ಯಾವುದೋ ಮಠ. ಪಾಲು ಮಠಕ್ಕೆ ಹೋಗುತ್ತಿತ್ತು, ಚಾನ್ಸೆಲ್ಲಿನ ಮಾಡು ಸೋರುತ್ತಿತ್ತು. ಎತ್ತರದ ನೇವ್‌ನ ಬೆನ್ನಿಗೆ ಕುಳ್ಳನೆಯ, ಹಳೇ ಕಿಟಕಿಗಳ ಚಾನ್ಸೆಲ್ ಕಂಡರೆ ನಾನು ಮೊದಲು ಹುಡುಕುವುದೇ ಇದನ್ನು: ಇಲ್ಲಿನ ರೆಕ್ಟರ್ ಯಾರಾಗಿದ್ದರು?

ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನು ಮುಚ್ಚಿಸಿದ. ಅವುಗಳ ಹಕ್ಕುಗಳು ಖಾಸಗಿಯವರ ಕೈಸೇರಿದವು. ಹಕ್ಕಿನ ಜೊತೆ ರಿಪೇರಿಯ ಹೊಣೆಯೂ ಹೋಯಿತು, ಆಮೇಲೆ ಜಮೀನಿಗೇ ಅಂಟಿಕೊಂಡಿತು. ವಾರಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ ಅಂಥ ಜಮೀನಿದ್ದ ದಂಪತಿಗೆ ಚಾನ್ಸೆಲ್ ರಿಪೇರಿಯ ಬಿಲ್ ಬಂತು. ಆಗ ದೇಶದ ಕೊನೆಯ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋದರು. 2003ರಲ್ಲಿ ಅಲ್ಲೂ ಸೋತರು. ಖರ್ಚು ಲಕ್ಷ ಪೌಂಡ್ ದಾಟಿತ್ತು. ಕೊನೆಗೆ ಆ ಜಮೀನನ್ನೇ ಮಾರಬೇಕಾಯಿತು. ಚಾನ್ಸೆಲ್ ಗೋಡೆಯ ಮೇಲೆ ಕೈಯಿಟ್ಟಾಗಲೆಲ್ಲ ನನಗೆ ಈ ಕೇಸು ನೆನಪಾಗಿ ಮನಸ್ಸು ಭಾರವಾಗುತ್ತದೆ.

ಇನ್ನು ಊರಿನವರ ಪಾಲಿನ ನೇವ್. ಅದು ಸುಮ್ನೆ ಇದ್ದದ್ದೇ ಇಲ್ಲ. ಜನ ಜಾಸ್ತಿಯಾದರೆ ಪಕ್ಕಕ್ಕೆ ಒಂದು ಉದ್ದನೆಯ ಹಜಾರ ಸೇರಿಸುತ್ತಿದ್ದರು. ಅದಕ್ಕೆ ಹಳೇ ಗೋಡೆಯನ್ನು ಪೂರ್ತಿ ಕೆಡವಲೇಬೇಕು ಅಂತೇನಿರಲಿಲ್ಲ. ಮೇಲಿನ ಗೋಡೆ ಇದ್ದ ಹಾಗೇ ಇರುವಾಗ, ಅದರ ಕೆಳಗೆ ಸ್ವಲ್ಪ ಸ್ವಲ್ಪವೇ ಕೊರೆದು ಕಂಬ ಕಮಾನು ಕೂರಿಸುತ್ತಿದ್ದರು. ಆ ಕೈಚಳಕ ನೆನೆದರೆ ಇವತ್ತಿಗೂ ಬೆರಗಾಗುತ್ತದೆ. ಕೆಲವು ಕಡೆ ಕಮಾನಿನ ಮೇಲ್ಗಡೆ ಹಳೇ ಕಿಟಕಿಯೊಂದು ಅರ್ಧ ಕತ್ತರಿಸಿಕೊಂಡು ಇನ್ನೂ ಉಳಿದಿರುತ್ತದೆ. ಅದರ ಕೆಳಗಿನ ಕಂಬಕ್ಕಿಂತ ಅದೇ ಹಿರಿಯದು.

ಪಶ್ಚಿಮದ ಗೋಪುರದ ಗೋಡೆಯನ್ನು ನೇವ್‌ನಲ್ಲಿ ನಿಂತು ನೋಡಿ. ಕೆಲವು ಚರ್ಚುಗಳಲ್ಲಿ ಅಲ್ಲಿ ಮನೆಯ ಮಾಡಿನ ಆಕಾರದ ಗುರುತು ಕಾಣುತ್ತದೆ. ಹಳೇ ಮಾಡು ಗೋಪುರಕ್ಕೆ ತಾಗಿದ್ದ ಜಾಗ ಅದು. ಹುಲ್ಲು ಅಥವಾ ಹೆಂಚು ಹೊದಿಸಿದ ಮಾಡು ಕಡಿದಾಗಿರಲೇಬೇಕು, ಇಲ್ಲವಾದರೆ ನೀರು ಒಳಗಿಳಿಯುತ್ತದೆ. ಆಮೇಲೆ ಸೀಸದ ಹಾಳೆ ಹೊದಿಸಲು ಶುರುಮಾಡಿದರು. ಸೀಸಕ್ಕೆ ಅಷ್ಟು ಇಳಿಜಾರು ಬೇಡ. ಹಾಗಾಗಿ ಗೋಡೆಯನ್ನು ಎತ್ತರಿಸಿ, ಮೇಲೆ ಕಿಟಕಿಗಳ ಸಾಲು ಕೂರಿಸಿ, ಚಪ್ಪಟೆ ಮಾಡು ಹಾಕಿದರು. ಕತ್ತಲೆಯಿದ್ದ ನೇವ್‌ಗೆ ಬೆಳಕು ಬಂತು.

ಆ ಬೆಳಕಿಗೆ ಎಷ್ಟೋ ಊರುಗಳಲ್ಲಿ ದುಡ್ಡು ಕೊಟ್ಟದ್ದು ಉಣ್ಣೆ. ಗ್ಲಾಸ್ಟರ್‌ಷೈರ್‌ನ ನಾರ್ತ್‌ಲೀಚ್‌ನಲ್ಲಿ 1458ರಲ್ಲಿ ತೀರಿಕೊಂಡ ಜಾನ್ ಫೋರ್ಟಿ ಎಂಬ ಉಣ್ಣೆ ವ್ಯಾಪಾರಿಯ ಸಮಾಧಿಯ ಮೇಲೆ ಹಿತ್ತಾಳೆಯ ಹಾಳೆಯಲ್ಲಿ ಅವನ ಚಿತ್ರವಿದೆ. ಒಂದು ಕಾಲು ಕುರಿಯ ಮೇಲೆ, ಇನ್ನೊಂದು ಉಣ್ಣೆ ಮೂಟೆಯ ಮೇಲೆ. ಅಲ್ಲಿನ ಎತ್ತರದ ನೇವ್‌ಗೆ ಹಣ ಕೊಟ್ಟವನು ಅವನು. ಸಫೋಕ್‌ನ ಲಾಂಗ್ ಮೆಲ್‌ಫರ್ಡ್‌ನಲ್ಲಿ ಹಣ ಕೊಟ್ಟವರ ಹೆಸರುಗಳೇ ಹೊರಗೋಡೆಯ ಮೇಲಿವೆ. ಕಲ್ಲಿನಲ್ಲಿ ಕೊರೆದು, ಕಪ್ಪು ಚಕಮಕಿ ಕಲ್ಲು ತುಂಬಿ ಮಾಡಿದ ಕೆಲಸ ಅದು. ತಮ್ಮ ಆತ್ಮಕ್ಕಾಗಿ ಪ್ರಾರ್ಥಿಸಿ ಎಂದು ದಾರಿಹೋಕರನ್ನು ಕೇಳಿಕೊಂಡಿದ್ದಾರೆ. ಅದನ್ನು ಬರೀ ಆಡಂಬರ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಸತ್ತ ಮೇಲೆ ತಮ್ಮ ಗತಿ ಏನು ಅನ್ನುವ ಭಯ ಅವರಿಗೆ ನಿಜವಾದದ್ದೇ ಆಗಿತ್ತು.

ಮತ್ತೆ ಆ ಸೀಳಿನ ಹತ್ತಿರ ಬರುತ್ತೇನೆ. ಒಂದು ಹಳ್ಳಿಯಲ್ಲಿ ಯಾರೋ ಅದಕ್ಕೆ ಸಿಮೆಂಟ್ ತುಂಬಿ ಹೋಗಿದ್ದರು. ಸುಣ್ಣದ ಗಾರೆ ಮೆತ್ತಗಿರುತ್ತದೆ, ಗೋಡೆ ಅಲ್ಪಸ್ವಲ್ಪ ಅಲುಗಾಡಿದರೆ ತಡೆದುಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟ್ ಇದ್ಯಾವುದನ್ನೂ ಮಾಡುವುದಿಲ್ಲ. ತೇವ ಕಲ್ಲಿನ ಕಡೆಗೇ ತಿರುಗಿತ್ತು. ಅಕ್ಕಪಕ್ಕದ ಕಲ್ಲು ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಉಳಿಯಲ್ಲಿ ನಿಧಾನಕ್ಕೆ ಸಿಮೆಂಟ್ ಕೆತ್ತಿಸಿ ತೆಗೆಸಿ, ಸುಣ್ಣ ತುಂಬಿಸಿದೆವು. ಹೋದ ಕಲ್ಲು ಹೋಯಿತು.

ಒಳಗೆ, ಇದೇ ಗಡಿಯಲ್ಲಿ ಚಾನ್ಸೆಲ್ ಕಮಾನು ಇರುತ್ತದೆ. ಅದರ ನೇವ್ ಕಡೆಯ ಮುಖ ಊರಿನವರದು. ಅಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ, ಅಕ್ಕಪಕ್ಕ ಮೇರಿ, ಜಾನ್, ಹಿಂದೆ ಕೊನೆಯ ತೀರ್ಪಿನ ದಿನದ ಚಿತ್ರ. 1540ರ ದಶಕದ ಕೊನೆಯಲ್ಲಿ ಸರ್ಕಾರದ ಆಜ್ಞೆಯಾಗಿ ಇಂಥ ಮೂರ್ತಿಗಳನ್ನು ಕಿತ್ತರು, ಚಿತ್ರಗಳಿಗೆ ಸುಣ್ಣ ಬಳಿದರು. ಸಫೋಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ರಿಪೇರಿ ಮಾಡುವಾಗ ಕಮಾನಿನ ಮೇಲಿದ್ದ ಬಿಳಿ ಹಲಗೆಗಳನ್ನು ಬಿಚ್ಚಿ ಹೊರಗೆ ಹಾಕಿದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ, ಬೆಳಗ್ಗೆ ನೋಡಿದರೆ ತೀರ್ಪಿನ ದಿನದ ಚಿತ್ರ. ಸಮಾಧಿಯಿಂದ ಏಳುವ ಜನ, ತಕ್ಕಡಿ ಹಿಡಿದ ದೇವದೂತ ಮಿಕಾಯೇಲ, ದೆವ್ವಗಳು. ಆ ಹಲಗೆಗಳು ಈಗ ಚರ್ಚಿನ ಒಳಗಿವೆ. ನಡುವೆ ಮೂರು ಕಡೆ ಬಣ್ಣವೇ ಇಲ್ಲದ ಬರಿಯ ಮರ. ಒಂದು ಶಿಲುಬೆಯ ಆಕಾರದಲ್ಲಿ, ಎರಡು ನಿಂತ ಮನುಷ್ಯರ ಆಕಾರದಲ್ಲಿ. ಚಿತ್ರ ಬರೆದವನು ಆ ಮೂರ್ತಿಗಳ ಸುತ್ತ ಮಾತ್ರ ಬಣ್ಣ ಹಚ್ಚಿದ್ದ.