ಡೈರೆಕ್ಟರಿ ಸರ್ವರ್‌ಗೆ ಸಿ ಪ್ರೋಗ್ರಾಂನಿಂದ ಕನೆಕ್ಷನ್: ಒಂದು ಕೆಲಸಕ್ಕೆ ಮೂರು ಫಂಕ್ಷನ್ ಯಾಕೆ?

ಸಂಸ್ಥೆಯೊಂದರ ಎಲ್ಲರ ಹೆಸರು, ಇಮೇಲ್, ಲಾಗಿನ್ ವಿವರ ಒಂದೇ ಕಡೆ ಇಡೋದಕ್ಕೆ ಡೈರೆಕ್ಟರಿ ಸರ್ವರ್ ಇರುತ್ತೆ. ಅದರ ಜೊತೆ ಮಾತಾಡೋ ಪ್ರೋಟೋಕಾಲ್ ಹೆಸರು ಎಲ್‌ಡ್ಯಾಪ್. ಸಿ ಪ್ರೋಗ್ರಾಂನಿಂದ ಮಾತಾಡಬೇಕು ಅಂತ ಉದಾಹರಣೆ ಹುಡುಕಿ ನೋಡಿ. ಒಂದು ಕಡೆ 'ಎಲ್‌ಡ್ಯಾಪ್_ಓಪನ್' ಅಂತಿದೆ, ಇನ್ನೊಂದು ಕಡೆ 'ಎಲ್‌ಡ್ಯಾಪ್_ಇನಿಟ್', ಮತ್ತೊಂದು ಕಡೆ 'ಎಲ್‌ಡ್ಯಾಪ್_ಇನಿಶಿಯಲೈಸ್'. ಯಾವುದನ್ನು ಹಿಡಿಯೋದು?

ಮೊದಲು ಇದ್ದದ್ದು 1988ರ ಎಕ್ಸ್.500 ಎಂಬ ಡೈರೆಕ್ಟರಿ ಮಾನದಂಡ. ಅದನ್ನು ಬಳಸಲು ಓಎಸ್ಐ ನೆಟ್‌ವರ್ಕ್ ಸಾಫ್ಟ್‌ವೇರ್ ಪೂರ್ತಿ ಬೇಕಿತ್ತು. ಆ ಕಾಲದ ಸಣ್ಣ ಪಿಸಿಗಳಿಗೆ ಅದು ಹೊರಲಾರದ ಭಾರ. ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ಟಿಸಿಪಿ ಮೇಲೆ ಓಡುವ ಹಗುರ ದಾರಿ ಮಾಡಿದರು, ಅದೇ ಎಲ್‌ಡ್ಯಾಪ್. 1993ರಲ್ಲಿ ಅದು ಆರ್‌ಎಫ್‌ಸಿ 1487 (ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ ಸರಣಿಯಲ್ಲೊಂದು) ಆಯಿತು. 1995ರಲ್ಲಿ ಎರಡನೇ ಆವೃತ್ತಿ ಬಂತು. ಅದೇ ವರ್ಷ ಸಿ ಫಂಕ್ಷನ್‌ಗಳನ್ನು ವಿವರಿಸುವ ಆರ್‌ಎಫ್‌ಸಿ 1823 ಕೂಡ ಬಂತು.

ಅದರಲ್ಲಿದ್ದದ್ದು 'ಎಲ್‌ಡ್ಯಾಪ್_ಓಪನ್'. ಸರ್ವರ್ ಹೆಸರು, ಪೋರ್ಟ್ 389 ಕೊಟ್ಟರೆ ಅಲ್ಲೇ ಕನೆಕ್ಟ್ ಆಗುತ್ತೆ. ಆಗದಿದ್ದರೆ ನಲ್ ವಾಪಸ್. ಇಷ್ಟೇ.

1997ರಲ್ಲಿ ಮೂರನೇ ಆವೃತ್ತಿ ಬಂದಾಗ ಇದು ಸಾಲದಾಯಿತು. ಆವೃತ್ತಿ ಯಾವುದು, ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೆಲ್ಲ ಕನೆಕ್ಟ್ ಆಗೋ ಮುಂಚೆಯೇ ಹೇಳಬೇಕು. 'ಓಪನ್'ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ 'ಎಲ್‌ಡ್ಯಾಪ್_ಇನಿಟ್' ಬಂತು. ಇದು ಹ್ಯಾಂಡಲ್ (ಮುಂದಿನ ಕರೆಗಳಿಗೆಲ್ಲ ಕೊಡಬೇಕಾದ ಪಾಯಿಂಟರ್) ಮಾತ್ರ ತಯಾರಿಸುತ್ತೆ, ನೆಟ್‌ವರ್ಕ್ ತಂಟೆಗೆ ಹೋಗಲ್ಲ. ನಿಜವಾದ ಕನೆಕ್ಷನ್ ಆಗೋದು ಮೊದಲ ಕೆಲಸ ಕೇಳಿದಾಗ, ಸಾಮಾನ್ಯವಾಗಿ ಬೈಂಡ್, ಅಂದರೆ ಸರ್ವರ್‌ಗೆ ಲಾಗಿನ್ ಮಾಡುವಾಗ. ಆಲೋಚನೆ ಚೆನ್ನಾಗಿದೆ. ಆದರೆ ಇಲ್ಲದ ಸರ್ವರ್ ಹೆಸರು ಕೊಟ್ಟರೂ 'ಇನಿಟ್' ಸುಮ್ನೆ ಪಾಸಾಗುತ್ತೆ. 'ಕಾಂಟ್ ಕಾಂಟ್ಯಾಕ್ಟ್ ಎಲ್‌ಡ್ಯಾಪ್ ಸರ್ವರ್' ಅನ್ನೋ ದೂರು ಬರೋದು ಬೈಂಡ್ ಸಾಲಿನಲ್ಲಿ. ಹೊಸಬರು ಪಾಸ್‌ವರ್ಡ್ ತಪ್ಪೇನೋ ಅಂತ ಅದರ ಹಿಂದೆ ಬೀಳುತ್ತಾರೆ.

ಗೋಜಲು ಶುರುವಾದದ್ದು ಇಲ್ಲಿಂದ. ಹೊಸ ಸಿ ಫಂಕ್ಷನ್‌ಗಳ ದಾಖಲೆ, ಆರ್‌ಎಫ್‌ಸಿ ರೂಪಿಸುವ ಸಂಸ್ಥೆ ಐಇಟಿಎಫ್‌ನಲ್ಲಿ ಕರಡಾಗಿಯೇ ಉಳಿಯಿತು. ಆರ್‌ಎಫ್‌ಸಿ ಆಗಲೇ ಇಲ್ಲ. ಅವರವರು ಅವರವರ ದಾರಿ ಹಿಡಿದರು. ವಿಂಡೋಸ್ ಲೈಬ್ರರಿಯಲ್ಲಿ 'ಎಲ್‌ಡ್ಯಾಪ್_ಕನೆಕ್ಟ್' ಅಂತ ಪ್ರತ್ಯೇಕ ಫಂಕ್ಷನ್ ಸೇರಿತು. ನೆಟ್‌ಸ್ಕೇಪ್‌ನಿಂದ ಮೊಜಿಲ್ಲಾಗೆ ಬಂದ ಲೈಬ್ರರಿಯಲ್ಲಿ ಗೂಢಲಿಪಿ ಕನೆಕ್ಷನ್ ಅಂದರೆ ಎಸ್‌ಎಸ್‌ಎಲ್‌ಗೆ ಬೇರೆಯದೇ 'ಇನಿಟ್'. ಮಿಷಿಗನ್ ಕೋಡ್ ಹಿಡಿದು 1998ರಲ್ಲಿ ಶುರುವಾದ ಓಪನ್‌ಎಲ್‌ಡ್ಯಾಪ್ 'ಎಲ್‌ಡ್ಯಾಪ್_ಇನಿಶಿಯಲೈಸ್' ತಂತು. ಇದಕ್ಕೆ ಹೆಸರು, ಪೋರ್ಟ್ ಬದಲು ಯುಆರ್‌ಐ (ವೆಬ್ ವಿಳಾಸದಂಥ ಒಂದೇ ವಿಳಾಸ) ಕೊಡಬೇಕು. ಸ್ಪೇಸ್ ಬಿಟ್ಟು ನಾಲ್ಕು ಯುಆರ್‌ಐ ಕೊಟ್ಟರೆ ಒಂದೊಂದನ್ನೇ ಪ್ರಯತ್ನಿಸುತ್ತೆ. ಮೂರರಲ್ಲಿ ಇದೇ ವಾಸಿ. ಆದರೆ ಓಪನ್‌ಎಲ್‌ಡ್ಯಾಪ್ ಬಿಟ್ಟು ಆಚೆ ಹೋದರೆ ಇದು ಸಿಗುತ್ತೆ ಅನ್ನೋ ಭರವಸೆ ಇಲ್ಲ.

ಇಷ್ಟಾದರೂ ಮುಗಿಯಲ್ಲ. ಓಪನ್‌ಎಲ್‌ಡ್ಯಾಪ್‌ನ ಹ್ಯಾಂಡಲ್, ನೀವು ಬಾಯಿಬಿಟ್ಟು ಹೇಳದಿದ್ದರೆ, ಎರಡನೇ ಆವೃತ್ತಿಯನ್ನೇ ಕೇಳುತ್ತೆ. ಆ ಆವೃತ್ತಿಯನ್ನು 2003ರಲ್ಲೇ ಇತಿಹಾಸಕ್ಕೆ ಸೇರಿಸಿಯಾಗಿದೆ. ಅದೇ ಪ್ರಾಜೆಕ್ಟಿನ ಸರ್ವರ್ 'ಹಳೇ ಆವೃತ್ತಿ, ಮೂರು ಬಳಸಿ' ಅಂತ ವಾಪಸ್ ಕಳಿಸುತ್ತೆ! ಒಂದೇ ಮನೆಯ ಎರಡು ಕೋಣೆಗಳಿಗೆ ಮಾತುಕತೆ ಇಲ್ಲ.

ಅತಿ ಕೆಟ್ಟ ಗುಂಡಿ ಹೆಡರ್ ಫೈಲಿನಲ್ಲಿದೆ. ಹಳೇ ಫಂಕ್ಷನ್‌ಗಳನ್ನು ಲೈಬ್ರರಿಯಿಂದ ತೆಗೆಯಲಿಲ್ಲ. ಹೆಡರ್‌ನಲ್ಲಿ ಅವುಗಳ ಘೋಷಣೆಯನ್ನು ಮಾತ್ರ 'ಎಲ್‌ಡ್ಯಾಪ್_ಡೆಪ್ರಿಕೇಟೆಡ್' ಎಂಬ ಷರತ್ತಿನ ಹಿಂದೆ ಬಚ್ಚಿಟ್ಟರು. ಈಗ 'ಎಲ್‌ಡ್ಯಾಪ್_ಇನಿಟ್' ಕರೆದರೆ ಏನಾಗುತ್ತೆ? ಘೋಷಣೆ ಕಾಣದ ಕಂಪೈಲರ್ 'ಇದು ಇಂಟ್ ಕೊಡುತ್ತೆ' ಅಂತ ತಾನೇ ಊಹಿಸುತ್ತೆ. ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ. ಲಿಂಕ್ ಕೂಡ ಆಗುತ್ತೆ. 32 ಬಿಟ್ ಯಂತ್ರದಲ್ಲಿ ಇಂಟ್‌ಗೂ ಪಾಯಿಂಟರ್‌ಗೂ ನಾಲ್ಕೇ ಬೈಟ್, ಹಾಗಾಗಿ ನಡೆಯುತ್ತೆ. 64 ಬಿಟ್‌ನಲ್ಲಿ ಪಾಯಿಂಟರ್ ಎಂಟು ಬೈಟ್. ಮೇಲಿನ ನಾಲ್ಕು ಬೈಟ್ ಬಿದ್ದುಹೋಗುತ್ತವೆ. ಹ್ಯಾಂಡಲ್ ನಲ್ ಅಲ್ಲ, ಆದ್ದರಿಂದ ನಿಮ್ಮ ಚೆಕ್ ದಾಟುತ್ತೆ. ಮುಂದಿನ ಸಾಲಿನಲ್ಲಿ ಸೆಗ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಸಾಯುತ್ತೆ. 'ಇನಿಶಿಯಲೈಸ್'ಗೆ ಈ ಕಾಟ ಇಲ್ಲ. ಅದು ವಾಪಸ್ ಕೊಡೋದು ಎರರ್ ಸಂಖ್ಯೆ ಮಾತ್ರ, ಹ್ಯಾಂಡಲ್ ಆರ್ಗ್ಯುಮೆಂಟ್ ಮೂಲಕ ಸಿಗುತ್ತೆ.

ಇವತ್ತು ಹೊಸದಾಗಿ ಬರೆಯುವವರಿಗೆ, ಲಿನಕ್ಸ್‌ನಲ್ಲಾದರೆ, ದಾರಿ ಇದು: 'ಇನಿಶಿಯಲೈಸ್', ಆಮೇಲೆ ಆವೃತ್ತಿ 3 ಅಂತ ಹೇಳುವ 'ಸೆಟ್_ಆಪ್ಷನ್', ಆಮೇಲೆ ಕನೆಕ್ಷನ್‌ಗೆ ಗೂಢಲಿಪಿ ಹಚ್ಚುವ 'ಸ್ಟಾರ್ಟ್_ಟಿಎಲ್‌ಎಸ್_ಎಸ್', ಕೊನೆಗೆ ಲಾಗಿನ್ ಮಾಡುವ 'ಸಾಸ್ಲ್_ಬೈಂಡ್_ಎಸ್'. ಸುಲಭದ 'ಸಿಂಪಲ್_ಬೈಂಡ್_ಎಸ್' ಕೂಡ ಹಳೇ ಪಟ್ಟಿಗೆ ಸೇರಿದೆ. ಪಾಸ್‌ವರ್ಡ್ ಖಾಲಿಯಿಲ್ಲ ಅಂತ ನೀವೇ ನೋಡಿಕೊಳ್ಳಿ. ಖಾಲಿ ಪಾಸ್‌ವರ್ಡ್‌ಗೆ ಕೆಲವು ಸರ್ವರ್‌ಗಳು ಅನಾಮಧೇಯ ಬೈಂಡ್ ಅಂತ 'ಸಕ್ಸೆಸ್' ಕೊಟ್ಟುಬಿಡುತ್ತವೆ. ಅದನ್ನೇ ಲಾಗಿನ್ ಅಂದುಕೊಂಡರೆ ಬಾಗಿಲು ತೆರೆದಿಟ್ಟಂತೆ.

2024ರ ಜಿಸಿಸಿ 14 ಕಂಪೈಲರ್ ಘೋಷಣೆಯಿಲ್ಲದ ಫಂಕ್ಷನ್ ಕರೆಯನ್ನು ವಾರ್ನಿಂಗ್ ಬದಲು ಎರರ್ ಮಾಡಿತು. ಹಳೇ ಕೋಡ್ ಈಗ ಕಂಪೈಲ್ ಹಂತದಲ್ಲೇ ನಿಲ್ಲುತ್ತೆ, ಒಳ್ಳೆಯದೇ ಆಯಿತು. ಮೇಕ್‌ಫೈಲ್‌ನಲ್ಲಿ 'ಎಲ್‌ಡ್ಯಾಪ್_ಡೆಪ್ರಿಕೇಟೆಡ್=1' ಅಂತ ಒಂದು ಸಾಲು ಸೇರಿಸಿದರೆ ಮತ್ತೆ ಓಡುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು.